ಕೂಡಾಟವೋ, ಜೋಡಾಟವೋ? ಒಂದು ಕಂಪ್ಯೂಟರ್ ಭಾಷೆಯ ಸಮ್ಮೇಳನದ ಕಥೆ

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು ಅವನ ಉದ್ಯೋಗ. ಚಾವಡಿಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಾ ಒಂದು ಪ್ರಶ್ನೆ ಕೇಳಿದ. "ಮಾವ, ನಾವು ಅರುವತ್ತು ಎಪ್ಪತ್ತು ಜನ ಸೇರಿ ವರ್ಷಕ್ಕೊಮ್ಮೆ ಒಂದು ಸಣ್ಣ ಸಮ್ಮೇಳನ ಮಾಡ್ತೇವೆ. ನಾವು ಬಳಸುವ ಒಂದು ಕಂಪ್ಯೂಟರ್ ಭಾಷೆಯ ಬಗ್ಗೆ ಮಾತ್ರ. ಈಗ ಒಂದು ದೊಡ್ಡ ತಂತ್ರಜ್ಞಾನ ಮೇಳದವರು, ನಮ್ಮೊಟ್ಟಿಗೆ ಸೇರಿಬಿಡಿ ಅಂತ ಕರೀತಿದ್ದಾರೆ. ಜಾಗ, ಊಟ, ಮೈಕು ಎಲ್ಲ ಅವರದ್ದೇ. ಸೇರಬಹುದಾ?"

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೊದಲು ಲೆಡ್ಜರು ಬರೆದು, ಆಮೇಲೆ ಕಂಪ್ಯೂಟರಿನ ಕೀಲಿಮಣೆ ಒತ್ತಿ ನಿವೃತ್ತನಾದವನು. ಅವನ ವಿದ್ಯೆ ನನಗೆ ಅರ್ಥವಾಗುವುದು ಅಷ್ಟಕ್ಕಷ್ಟೆ. ಆದರೆ 'ಸೇರಿಬಿಡಿ' ಎಂಬ ಮಾತು ಕೇಳಿದರೆ ಬ್ಯಾಂಕಿನವನ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಇಂಥದ್ದು ಹಿಂದೆ ಎಲ್ಲಾದರೂ ನಡೆದದ್ದುಂಟೇ ಎಂದು ಅವನನ್ನೇ ಕೇಳಿದೆ. "ಪರ್ಲ್ ಭಾಷೆಯವರ ಕಥೆ ಉಂಟು ಮಾವ" ಎಂದ. ಬೆಂಗಳೂರಿಗೆ ಹೋದ ಮೇಲೆ ಒಂದು ಕಟ್ಟು ಕಾಗದ ಕಳುಹಿಸಿಕೊಟ್ಟ. ಅದನ್ನು ಓದಿ, ಅವನಿಂದ ಕೇಳಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕಂಪ್ಯೂಟರಿಗೂ ಭಾಷೆ ಉಂಟೇ ಎಂದು ನೀವು ಕೇಳಬಹುದು. ಉಂಟು, ಒಂದಲ್ಲ, ನೂರಾರು. ಕಂಪ್ಯೂಟರಿಗೆ ಹೇಳಿಕೊಡದೆ ಏನೂ ಬಾರದು. 'ಈ ಖಾತೆಯ ಬಾಕಿ ಸಾವಿರಕ್ಕಿಂತ ಕಡಿಮೆಯಿದ್ದರೆ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆ, ಇಲ್ಲವಾದರೆ ಮುಂದಿನ ಖಾತೆಗೆ ಹೋಗು' ಎಂದು ಒಂದೊಂದು ಹೆಜ್ಜೆಯನ್ನೂ ನಾವೇ ಬರೆದು ಕೊಡಬೇಕು. ಹಾಗೆ ಬರೆಯುವುದಕ್ಕೆ ಇರುವ ಕಟ್ಟುನಿಟ್ಟಾದ ವ್ಯಾಕರಣವೇ ಪ್ರೋಗ್ರಾಮಿಂಗ್ ಭಾಷೆ. ಕೆಲವನ್ನು ಲಕ್ಷಗಟ್ಟಲೆ ಜನ ಬಳಸುತ್ತಾರೆ. ಕೆಲವನ್ನು ಕೆಲವೇ ಸಾವಿರ ಜನ. ಹಾಗೆಂದು ಸಣ್ಣ ಭಾಷೆಗೆ ಕೆಲಸವಿಲ್ಲವೆಂದಲ್ಲ. ಒಂದೊಂದಕ್ಕೂ ತನ್ನದೇ ಆದ ಹಿಡಿತವಿರುತ್ತದೆ. ಅಡಿಕೆ ಸುಲಿಯುವ ಕತ್ತಿಯಲ್ಲಿ ತೆಂಗಿನಕಾಯಿ ಸುಲಿಯುತ್ತಾರೆಯೇ?

ಸಣ್ಣ ಭಾಷೆಯವರಿಗೆ ಒಂದು ಕಷ್ಟವಿದೆ. ಅದನ್ನು ಬೆಳೆಸುವವರು ಒಬ್ಬ ಜರ್ಮನಿಯಲ್ಲಿ, ಒಬ್ಬ ಜಪಾನಿನಲ್ಲಿ, ಇನ್ನೊಬ್ಬ ಅಮೆರಿಕದ ಯಾವುದೋ ಮೂಲೆಯಲ್ಲಿ. ಹೆಚ್ಚಿನವರಿಗೆ ಅದಕ್ಕೆ ಸಂಬಳವಿಲ್ಲ. ಕಛೇರಿ ಮುಗಿಸಿ, ರಾತ್ರಿ ಊಟವಾದ ಮೇಲೆ ಮಾಡುವ ಕೆಲಸ. ವರ್ಷವಿಡೀ ಪತ್ರ ಬರೆಯುತ್ತಾರೆ, ಜಗಳ ಮಾಡುತ್ತಾರೆ, ಆದರೆ ಮುಖ ನೋಡಿರುವುದಿಲ್ಲ. ವರ್ಷಕ್ಕೊಮ್ಮೆ ಒಂದೆಡೆ ಸೇರಿದರೆ ಆರು ತಿಂಗಳ ಜಗಳ ಒಂದು ಕಾಫಿಯಲ್ಲಿ ತೀರುತ್ತದಂತೆ. ವೇದಿಕೆಯ ಭಾಷಣಕ್ಕಿಂತ ಹೊರಗಿನ ಪಡಸಾಲೆಯ ಮಾತೇ ಮುಖ್ಯ ಎಂದು ಈ ಸಮ್ಮೇಳನಗಳಿಗೆ ಹೋಗುವವರೆಲ್ಲ ಒಂದೇ ಬಾಯಲ್ಲಿ ಹೇಳುತ್ತಾರೆ.

ಆದರೆ ಸಮ್ಮೇಳನಕ್ಕೆ ದುಡ್ಡು ಬೇಕು. ಇಲ್ಲಿ ನನ್ನಂಥವನಿಗೆ ರುಚಿಸುವ ಒಂದು ಲೆಕ್ಕವಿದೆ. ಅಮೆರಿಕದಲ್ಲಿ ಇಂಥ ಕೂಟಗಳು ಹೆಚ್ಚಾಗಿ ಹೋಟೆಲುಗಳಲ್ಲಿ ನಡೆಯುತ್ತವೆ. ಸಭಾಂಗಣವನ್ನು ಹೋಟೆಲಿನವರು ಕಡಿಮೆ ಬಾಡಿಗೆಗೆ, ಕೆಲವೊಮ್ಮೆ ಪುಕ್ಕಟೆಯಾಗಿಯೂ ಕೊಡುತ್ತಾರೆ. ಆದರೆ ಪುಕ್ಕಟೆಯ ಹಿಂದೆ ಒಂದು ಕರಾರು ಪತ್ರ ಇರುತ್ತದೆ. ನಿಮ್ಮ ಕಡೆಯವರು ಇಷ್ಟು ಕೋಣೆಗಳನ್ನು ಇಷ್ಟು ರಾತ್ರಿಗೆ ತೆಗೆದುಕೊಳ್ಳಬೇಕು, ಊಟ ಉಪಾಹಾರಕ್ಕೆ ಇಂತಿಷ್ಟು ಕನಿಷ್ಠ ಖರ್ಚು ಮಾಡಬೇಕು. ಜನ ಕಡಿಮೆ ಬಂದರೆ ಖಾಲಿ ಕೋಣೆಯ ಬಾಬ್ತು ಸಂಘಟಕರೇ ಕಟ್ಟಬೇಕು. ಈ ಕರಾರಿಗೆ ಒಂದು ವರ್ಷ, ಒಂದೂವರೆ ವರ್ಷ ಮೊದಲೇ ಸಹಿ ಬೀಳುತ್ತದೆ. ಎಷ್ಟು ಜನ ಬರುತ್ತಾರೆಂದು ಆಗ ಯಾರಿಗೆ ಗೊತ್ತು? ಇನ್ನೂರೈವತ್ತು ಬರುತ್ತಾರೆಂದು ಸಹಿ ಹಾಕಿ ನೂರೈವತ್ತು ಜನ ಬಂದರೆ ಸಣ್ಣ ಸಂಘದ ಹತ್ತು ವರ್ಷದ ಉಳಿತಾಯ ಒಂದೇ ವಾರದಲ್ಲಿ ಕರಗಬಹುದು. 'ಬನ್ನಿ, ನಮ್ಮ ದೊಡ್ಡ ಮೇಳದಲ್ಲಿ ಸೇರಿ, ಕೋಣೆಯ ಚಿಂತೆ ನಮಗಿರಲಿ' ಎಂದು ಯಾರಾದರೂ ಕರೆದಾಗ ಸಂಘಟಕರ ಬಾಯಲ್ಲಿ ನೀರೂರುವುದು ಇದರಿಂದಾಗಿಯೇ. ಅವರನ್ನು ಆಸೆಬುರುಕರೆನ್ನಲು ನನಗೆ ಮನಸ್ಸಿಲ್ಲ.

ಇನ್ನು ಪರ್ಲ್ ಕಥೆಗೆ ಬರೋಣ.

ಪರ್ಲ್ ಭಾಷೆಯನ್ನು ಮಾಡಿದವರು ಲ್ಯಾರಿ ವಾಲ್ ಎಂಬ ಅಮೆರಿಕದವರು. ಅವರು ಮೂಲತಃ ಓದಿದ್ದು ಭಾಷಾಶಾಸ್ತ್ರ. ಲಿಪಿಯಿಲ್ಲದ ಯಾವುದಾದರೂ ಭಾಷೆಯನ್ನು ಹುಡುಕಿಕೊಂಡು ಹೋಗಿ, ಅದಕ್ಕೊಂದು ಬರವಣಿಗೆಯ ಕ್ರಮ ಮಾಡಿಕೊಡಬೇಕೆಂದು ಗಂಡ ಹೆಂಡತಿ ಇಬ್ಬರೂ ಯೋಚಿಸಿದ್ದರು. ಆರೋಗ್ಯದ ಕಾರಣದಿಂದ ಅದು ಕೈಗೂಡಲಿಲ್ಲ. ಮನೆಯಲ್ಲೊಂದು, ಅಂಗಡಿಯಲ್ಲೊಂದು, ಕಛೇರಿಯಲ್ಲೊಂದು ಮಾತಾಡುವ ನಮಗೆ ಈ ಮನುಷ್ಯ ಯಾಕೋ ಹತ್ತಿರದವರೆನಿಸುತ್ತಾರೆ, ಅಲ್ಲವೇ? ಲಿಪಿಯಿಲ್ಲದ ಭಾಷೆ ಸಿಗದಿದ್ದರೇನು, ಅವರು ಹೊಸತೊಂದು ಭಾಷೆಯನ್ನೇ ಮಾಡಿದರು. 1987ರ ಡಿಸೆಂಬರ್ 18ರಂದು ಪರ್ಲ್ ಹೊರಬಂತು. ಉದ್ದುದ್ದ ಬರಹಗಳಿಂದ, ಪಟ್ಟಿಗಳಿಂದ ಬೇಕಾದ್ದನ್ನು ಹೆಕ್ಕಿ, ಜೋಡಿಸಿ, ವರದಿ ಮಾಡಿಕೊಡುವುದರಲ್ಲಿ ಅದು ಬಲು ಚುರುಕು. ನಾವು ದಿನದ ಕೊನೆಗೆ ಡೇ ಬುಕ್ಕು ಹಿಡಿದು ಒಂದು ಗಂಟೆ ಒದ್ದಾಡಿ ಮಾಡುತ್ತಿದ್ದ ಕೆಲಸವನ್ನು ಅದು ನಾಲ್ಕು ಸಾಲಿನಲ್ಲಿ ಮುಗಿಸುತ್ತದಂತೆ. ಒಂದು ಕೆಲಸಕ್ಕೆ ದಾರಿ ಒಂದಕ್ಕಿಂತ ಹೆಚ್ಚು ಎನ್ನುವುದು ಪರ್ಲಿನವರ ಧ್ಯೇಯವಾಕ್ಯ. ಬಳಸಲು ಹಣ ಕೊಡಬೇಕಾಗಿಲ್ಲ. ಅದರ ಒಳಗಿನ ಮೂಲ ಬರಹವನ್ನೂ ಎಲ್ಲರಿಗೆ ತೆರೆದಿಟ್ಟಿದ್ದಾರೆ.

ತೊಂಬತ್ತರ ದಶಕದಲ್ಲಿ ಅಂತರಜಾಲ ಹಬ್ಬುತ್ತಿದ್ದಾಗ ಅದರ ಬೆನ್ನೆಲುಬಿನ ಕೆಲಸ ಬಹಳಷ್ಟು ನಡೆದದ್ದು ಪರ್ಲಿನಲ್ಲಿ. ಆದರೆ ಪತ್ರಿಕೆಗಳಲ್ಲಿ ಪರ್ಲಿನ ಹೆಸರು ಕಾಣುತ್ತಿರಲಿಲ್ಲ. ಕಾರಣ, ಅದರ ಹಿಂದೆ ಜಾಹೀರಾತು ಕೊಡುವ ಕಂಪನಿ ಇರಲಿಲ್ಲ. ಇದನ್ನು ಗಮನಿಸಿದವರು ಟಿಮ್ ಓರೈಲಿ ಎಂಬ ಪುಸ್ತಕ ಪ್ರಕಾಶಕರು. ಅವರು 1991ರಲ್ಲಿ ಹೊರತಂದ ಪರ್ಲ್ ಪುಸ್ತಕದ ಮುಖಪುಟದಲ್ಲಿ ಒಂದು ಒಂಟೆಯ ಚಿತ್ರವಿತ್ತು. ಪುಸ್ತಕ ಬಿಸಿದೋಸೆಯಂತೆ ಖರ್ಚಾಗುತ್ತಿತ್ತು, ಒಂಟೆಯೇ ಪರ್ಲಿನ ಗುರುತಾಗಿಬಿಟ್ಟಿತ್ತು. ಇಷ್ಟು ಜನ ಕೊಳ್ಳುತ್ತಿದ್ದಾರೆ, ಆದರೂ ಹೊರಗಿನವರಿಗೆ ಸುದ್ದಿಯೇ ಇಲ್ಲವಲ್ಲ ಎಂದುಕೊಂಡು ಅವರ ಸಂಸ್ಥೆ 1997ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದಲ್ಲಿ ಮೊದಲ ಪರ್ಲ್ ಸಮ್ಮೇಳನ ನಡೆಸಿತು. ಅಲ್ಲಿಯವರೆಗೆ ಪತ್ರದಲ್ಲಿ ಮಾತ್ರ ಪರಿಚಯವಿದ್ದವರು ಮುಖ ನೋಡಿ ಕೈಕುಲುಕಿದರು. ಊರೂರಿನಲ್ಲಿ ಪರ್ಲ್ ಬಳಗ ಕಟ್ಟುವ ರೂಢಿಯೂ ಅದೇ ವರ್ಷ ನ್ಯೂಯಾರ್ಕಿನ ಬಳಗದಿಂದ ಆರಂಭವಾಯಿತು.

1998ರಲ್ಲಿ ಸ್ಯಾನ್ ಹೋಸೆಯಲ್ಲೇ ಎರಡನೆಯ ಸಮ್ಮೇಳನ. ಮೂಲ ಬರಹವನ್ನು ತೆರೆದಿಡುವ ತಂತ್ರಾಂಶಗಳಿಗೆ 'ಓಪನ್ ಸೋರ್ಸ್' ಎಂಬ ಹೆಸರು ಬಂದದ್ದೂ ಆ ವರ್ಷವೇ. ಗಾಳಿ ಆ ಕಡೆ ಬೀಸುತ್ತಿತ್ತು. ಸಮ್ಮೇಳನದ ಬೆನ್ನಿಗೇ ಓಪನ್ ಸೋರ್ಸ್ ಕೆಲಸಗಾರರಿಗೆಂದು ಒಂದು ದಿನ ಇಟ್ಟರು. ಮರುವರ್ಷ, 1999ರ ಆಗಸ್ಟಿನಲ್ಲಿ, ಮಾಂಟೆರೆ ಎಂಬ ಕಡಲತೀರದ ಊರಿನಲ್ಲಿ ಬೋರ್ಡೇ ಬದಲಾಯಿತು. ಅದು ಈಗ ಓರೈಲಿ ಓಪನ್ ಸೋರ್ಸ್ ಸಮಾವೇಶ. ಜನ ಚುಟುಕಾಗಿ ಆಸ್ಕಾನ್ ಎಂದರು. ಲಿನಕ್ಸಿನವರು, ಅಪಾಚೆಯವರು, ಪೈಥಾನಿನವರು, ಟಿಕಲ್ ಭಾಷೆಯವರು ಎಲ್ಲರೂ ಒಂದೇ ಸೂರಿನಡಿ. ಪರ್ಲ್ ಸಮ್ಮೇಳನ ಇತ್ತು, ತನ್ನ ಹೆಸರಿನಲ್ಲೇ ಇತ್ತು, ಆದರೆ ಹಲವು ಕೋಣೆಗಳಲ್ಲಿ ಒಂದಾಗಿ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಇದರಿಂದ ಲಾಭವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪರ್ಲಿನ ಮುಖ್ಯಸ್ಥರೆಲ್ಲ ಒಂದೇ ಕಡೆ ಸಿಗುತ್ತಿದ್ದರು, ಬೇರೆಯವರ ಕೆಲಸ ನೋಡುತ್ತಿದ್ದರು. 2000ದ ಜುಲೈಯಲ್ಲಿ ಮಾಂಟೆರೆಯಲ್ಲೇ ಒಂದು ಪ್ರಸಂಗ ನಡೆಯಿತು. ಪರ್ಲಿನವರ ಒಂದು ಸಣ್ಣ ಸಭೆ. ಮಾತು ಸಪ್ಪೆಯಾಗಿ ಸಾಗಿತ್ತು. ಪರ್ಲಿನ ಪತ್ರಿಕೆಯೊಂದರ ಸಂಪಾದಕರಾಗಿದ್ದ ಜಾನ್ ಓರ್ವಾಂಟ್ ಎಂಬವರು, ಹೀಗೇ ಇದ್ದರೆ ನಾವು ಕೆಟ್ಟೆವು ಎಂದು, ಹೋಟೆಲಿನ ಕಾಫಿ ಲೋಟಗಳನ್ನು ಒಂದಾದ ಮೇಲೊಂದರಂತೆ ಗೋಡೆಗೆ ಎಸೆದರು! ಲೋಟದ ದುಡ್ಡು ಯಾರು ಕಟ್ಟಿದರೋ ಕಾಗದದಲ್ಲಿ ಬರೆದಿಲ್ಲ. ಆದರೆ ಅದರ ಬೆನ್ನಿಗೇ ಪರ್ಲಿನ ಹೊಸ ಅವತಾರ ಪರ್ಲ್ ಆರು ಮಾಡುವುದೆಂದು ಲ್ಯಾರಿ ವಾಲ್ ಘೋಷಿಸಿದರು. ಅದು ಹೊರಬರಲು 2015ರ ಡಿಸೆಂಬರ್ ಆಯಿತು ಎನ್ನುವುದು ಬೇರೆ ಮಾತು.

ಲಾಭದ ಪುಟ ನೋಡಿದೆವು. ಎದುರಿನ ಖರ್ಚಿನ ಪುಟವೂ ಉಂಟು. ದೊಡ್ಡ ಸಮಾವೇಶದ ಪ್ರವೇಶ ಶುಲ್ಕ ಬರಬರುತ್ತಾ ಸಾವಿರ ಡಾಲರು ದಾಟಿತು. ಕಂಪನಿ ಕಳುಹಿಸಿಕೊಟ್ಟವನಿಗೆ ಅದು ಸರಿ. ರಾತ್ರಿ ಊಟವಾದ ಮೇಲೆ ಸಂಬಳವಿಲ್ಲದೆ ಕೆಲಸ ಮಾಡುವವನಿಗೆ, ಕಾಲೇಜು ಹುಡುಗನಿಗೆ ಎಲ್ಲಿಂದ ಬರಬೇಕು ಸಾವಿರ ಡಾಲರು? ಯಾರಿಗಾಗಿ ಕೂಟ ಶುರುವಾಯಿತೋ ಅವರೇ ಬಾಗಿಲ ಹೊರಗೆ ನಿಂತರು.

ಈಗ ಒಂದು ತಾರೀಖನ್ನು ಗಮನಿಸಿ. ಆಸ್ಕಾನ್ ಆರಂಭವಾದದ್ದು 1999ರ ಆಗಸ್ಟಿನಲ್ಲಿ. ಅದಕ್ಕೆ ಎರಡು ತಿಂಗಳು ಮೊದಲು, ಜೂನಿನಲ್ಲಿ, ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕೆವಿನ್ ಲೆನ್ಜೊ ಎಂಬವರು ಬೇರೊಂದು ಕೂಟ ಕರೆದಿದ್ದರು. ಹೋಟೆಲು ಇಲ್ಲ, ಕೋಣೆಯ ಕರಾರು ಇಲ್ಲ. ವಿಶ್ವವಿದ್ಯಾಲಯದ ತರಗತಿ ಕೋಣೆ, ಸ್ವಯಂಸೇವಕರು. ಈ ಕೂಟಗಳ ಶುಲ್ಕ ವರ್ಷಗಟ್ಟಲೆ ನೂರು ಡಾಲರಿನ ಆಸುಪಾಸಿನಲ್ಲೇ ಇತ್ತು. ಹೆಸರೇನಿಟ್ಟರು ಗೊತ್ತೇ? 'ಇನ್ನೂ ಒಂದು ಪರ್ಲ್ ಸಮ್ಮೇಳನ'! ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಯಾಪ್‌ಸಿ. ಹೆಸರಿನಲ್ಲೇ ನಗುವುಂಟು, ಸ್ವಲ್ಪ ಹುಳಿಯೂ ಉಂಟು.

ಮರುವರ್ಷದ ಕೂಟಕ್ಕೆ ಅವರು ಇಟ್ಟ ಹೆಸರು ಇನ್ನೂ ತಮಾಷೆ. ಯಾಪ್‌ಸಿ 19100. ಇದೇನು ಇಸವಿ ಎನ್ನುತ್ತೀರಾ? ಇದನ್ನು ನಾನು ಕಾಗದ ನೋಡದೆಯೇ ಹೇಳಬಲ್ಲೆ. ಆ ಕಾಲದ ಎಷ್ಟೋ ಕಂಪ್ಯೂಟರುಗಳು ಇಸವಿಯನ್ನು 1900ರಿಂದ ಎಣಿಸುತ್ತಿದ್ದವು. 1999 ಎಂದರೆ ಅದಕ್ಕೆ 99. ಅಜಾಗರೂಕತೆಯಿಂದ ಬರೆದ ಪ್ರೋಗ್ರಾಮುಗಳು ಮುಂದೆ 19 ಅಂಟಿಸಿ 1999 ಎಂದು ತೋರಿಸುತ್ತಿದ್ದವು. 2000 ಬಂದಾಗ ಎಣಿಕೆ ನೂರಾಯಿತು, ಮುಂದೆ 19 ಅಂಟಿತು, ಇಸವಿ 19100! 1999ರ ಡಿಸೆಂಬರ್ 31ರ ರಾತ್ರಿ ನಾವು ಶಾಖೆಯಲ್ಲಿ ಎಲ್ಲ ಖಾತೆಗಳ ಬಾಕಿಯನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಕಪಾಟಿನಲ್ಲಿಟ್ಟು ದೇವರ ಮೇಲೆ ಭಾರ ಹಾಕಿ ಕುಳಿತದ್ದು ಇದೇ ಭಯಕ್ಕೆ. ಬೆಳಗಾದಾಗ ಏನೂ ಆಗಿರಲಿಲ್ಲ.

ಆ 2000ದ ಕೂಟದಲ್ಲೇ ಮಾರ್ಕ್ ಜೇಸನ್ ಡೋಮಿನಸ್ ಎಂಬವರು 'ಮಿಂಚು ಮಾತು' ಎಂಬ ಕ್ರಮವನ್ನು ಆ ಹೆಸರಿನಲ್ಲಿ ತಂದರು. ಒಬ್ಬನಿಗೆ ಐದೇ ನಿಮಿಷ. ಐದು ನಿಮಿಷ ಮುಗಿದೊಡನೆ ಜಾಗಟೆ ಬಾರಿಸುವ ಪದ್ಧತಿಯೂ ಇದರೊಂದಿಗೆ ಬೆಳೆಯಿತು. ಮೊದಲ ಸಲ ಮಾತಾಡುವವನಿಗೂ ಧೈರ್ಯ ಬರುತ್ತದೆ, ಕೊರೆಯುವವನಿಂದ ಸಭೆಗೂ ಬಿಡುಗಡೆ. ಇಂದು ಲೋಕದ ದೊಡ್ಡ ದೊಡ್ಡ ತಂತ್ರಜ್ಞಾನ ಮೇಳಗಳಲ್ಲೂ ಈ ಪದ್ಧತಿ ಉಂಟು. ನಮ್ಮ ಸನ್ಮಾನ ಸಭೆಗಳಿಗೆ ಯಾವಾಗ ಬರುತ್ತದೋ ತಿಳಿಯದು.

ಯಾಪ್‌ಸಿ ಬೆಳೆಯಿತು. 2000ದಲ್ಲಿ ಲಂಡನ್ನಿನಲ್ಲಿ ಯುರೋಪಿನ ಕೂಟ, 2006ರಲ್ಲಿ ಟೋಕಿಯೋದಲ್ಲಿ ಏಷ್ಯಾದ ಕೂಟ ಆರಂಭವಾದವು. ಅಮೆರಿಕದಲ್ಲಿ ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆಯನ್ನೂ ಕಟ್ಟಿಕೊಂಡರು. ಮುಂದೆ ಅದು ಪರ್ಲ್ ಪ್ರತಿಷ್ಠಾನವೆಂದು ಹೆಸರಾಯಿತು. ನನ್ನ ಮಟ್ಟಿಗೆ ಇದೇ ಅವರು ಮಾಡಿದ ಜಾಣ ಕೆಲಸ. ಜಮಾ ಖರ್ಚಿನ ಪುಸ್ತಕ ತಮ್ಮ ಕೈಯಲ್ಲೇ ಉಳಿಯಿತು. ಅತ್ತ ಆಸ್ಕಾನ್ ಸಾವಿರಾರು ಜನ ಸೇರುವ ಮೇಳವಾಯಿತು. ಸ್ಯಾನ್ ಡಿಯಾಗೊ, ಪೋರ್ಟ್‌ಲ್ಯಾಂಡ್, ಆಸ್ಟಿನ್ ಎಂದು ಊರು ಬದಲಿಸುತ್ತಾ ಹೋಯಿತು. ಅದರೊಳಗೆ ಪರ್ಲಿನ ಪಾಲು ವರ್ಷದಿಂದ ವರ್ಷಕ್ಕೆ ಕಿರಿದಾಯಿತು. ಸೇರಿದ್ದರಿಂದಲೇ ಪರ್ಲ್ ಸೊರಗಿತು ಎಂದು ನಾನು ಹೇಳುವುದಿಲ್ಲ. ಪೈಥಾನ್ ಮೇಲೆ ಬಂದಿತ್ತು, ಪರ್ಲ್ ಆರು ಹದಿನೈದು ವರ್ಷ ಎಳೆದಿತ್ತು. ಆದರೆ ದೊಡ್ಡ ಮೇಳದ ಯಜಮಾನರು ಜನ ಎಲ್ಲಿ ಹೆಚ್ಚು ಸೇರುತ್ತಾರೆಂದು ನೋಡಿ ಕೋಣೆ ಹಂಚುತ್ತಾರೆ. ಹಂಚಲೇಬೇಕು, ಅದು ಅವರ ವ್ಯಾಪಾರ. ಇಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ಅದೇ ಇದರ ತೊಡಕು.

ಪೈಥಾನಿನವರು ಏನು ಮಾಡಿದರೆಂದು ನೋಡಬೇಕು. ಆಸ್ಕಾನಿನ ಸೂರಿನಡಿ ಅವರೂ ಇದ್ದರು. ಇದ್ದುಕೊಂಡೇ 2003ರಲ್ಲಿ ವಾಷಿಂಗ್ಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಸ್ವಯಂಸೇವಕರಿಂದಲೇ ಪೈಕಾನ್ ಎಂಬ ತಮ್ಮದೇ ಸಮ್ಮೇಳನ ಆರಂಭಿಸಿದರು. ಅದರ ಭಾರತೀಯ ತಂಗಿ ಪೈಕಾನ್ ಇಂಡಿಯಾ 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾಯಿತು. ಸಂತೆಗೆ ಹೋಗುವುದು ಬೇರೆ, ಮನೆ ಮಾರಿ ಸಂತೆಯಲ್ಲೇ ಕೂರುವುದು ಬೇರೆ.

2016ರಲ್ಲಿ ಒಂದು ಸಂಗತಿ ನಡೆಯಿತು. ಅಮೆರಿಕದ ಯಾಪ್‌ಸಿಯವರು ಫ್ಲೋರಿಡಾದ ಓರ್ಲ್ಯಾಂಡೊದಲ್ಲಿ ನಡೆಸಿದ ಕೂಟಕ್ಕೆ 'ಪರ್ಲ್ ಸಮ್ಮೇಳನ' ಎಂಬ ಹಳೆಯ ಹೆಸರನ್ನೇ ಇಟ್ಟುಕೊಂಡರು. ಓರೈಲಿ ಸಂಸ್ಥೆ ಅದಕ್ಕೆ ಒಪ್ಪಿತ್ತು. ಹತ್ತೊಂಬತ್ತು ವರ್ಷಗಳ ಹಿಂದೆ ಸ್ಯಾನ್ ಹೋಸೆಯಲ್ಲಿ ಹುಟ್ಟಿದ ಹೆಸರು ಕೂಟದವರ ಕೈಗೇ ಬಂತು. ಮೂರು ವರ್ಷ ಕಳೆದು, 2019ರಲ್ಲಿ ಪರ್ಲ್ ಆರಕ್ಕೆ ರಾಕು ಎಂಬ ಪ್ರತ್ಯೇಕ ಹೆಸರಾಯಿತು. ಅಂದಿನಿಂದ ಅದು ಪರ್ಲ್ ಮತ್ತು ರಾಕು ಸಮ್ಮೇಳನ. ಅಣ್ಣ ತಮ್ಮ ಬೇರೆಯಾದರೂ ಹಬ್ಬ ಒಂದೇ ಅಂಗಳದಲ್ಲಿ.

ಇನ್ನು ದೊಡ್ಡ ಮೇಳದ ಗತಿ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಓರೈಲಿ ಸಂಸ್ಥೆ ಜನ ಸೇರುವ ತನ್ನ ಎಲ್ಲ ಸಮ್ಮೇಳನಗಳನ್ನು ಆ ವರ್ಷಕ್ಕೆ ಮಾತ್ರವಲ್ಲ, ಶಾಶ್ವತವಾಗಿಯೇ ನಿಲ್ಲಿಸಿಬಿಟ್ಟಿತು. ಆಸ್ಕಾನ್ ಅಲ್ಲಿಗೆ ಮುಗಿಯಿತು. ಅದೇ ವರ್ಷದ ಜೂನಿನಲ್ಲಿ ಪರ್ಲ್ ಮತ್ತು ರಾಕುವಿನವರು ಮನೆಮನೆಯಿಂದಲೇ ಕಂಪ್ಯೂಟರಿನ ಮೂಲಕ ಸೇರಿದರು. 2022ರಲ್ಲಿ ಹ್ಯೂಸ್ಟನ್, 2023ರಲ್ಲಿ ಕೆನಡಾದ ಟೊರಾಂಟೊ, 2024ರಲ್ಲಿ ಲಾಸ್ ವೇಗಸ್, 2025ರಲ್ಲಿ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್. ಜನ ಮೊದಲಿನಷ್ಟಿಲ್ಲ. ಆದರೂ ನಡೆಯುತ್ತಿದೆ.

ಇಷ್ಟನ್ನು ಓದಿ ಮುಗಿಸಿದಾಗ ನನಗೆ ನೆನಪಾದದ್ದು ನಮ್ಮ ಯಕ್ಷಗಾನ. ನಿಮಗೆ ಗೊತ್ತಿರುವುದೇ. ಎರಡು ಮೇಳಗಳು ಸೇರಿ ಆಡುವುದರಲ್ಲಿ ಎರಡು ಬಗೆಯುಂಟು. ಕೂಡಾಟವೆಂದರೆ ಎರಡೂ ಮೇಳದ ಕಲಾವಿದರು ಒಂದೇ ರಂಗಸ್ಥಳದಲ್ಲಿ, ಒಂದೇ ಪ್ರಸಂಗದಲ್ಲಿ ವೇಷ ಹಂಚಿಕೊಂಡು ಆಡುವುದು. ಜೋಡಾಟವೆಂದರೆ ಒಂದೇ ಗದ್ದೆ, ಆದರೆ ರಂಗಸ್ಥಳ ಎರಡು. ಭಾಗವತರು ಬೇರೆ, ಚೆಂಡೆ ಬೇರೆ. ಪ್ರೇಕ್ಷಕ ಮಾತ್ರ ಒಬ್ಬನೇ, ಅವನ ಕಣ್ಣು ಅತ್ತಿಂದಿತ್ತ ಇತ್ತಿಂದತ್ತ. ಸಮ್ಮೇಳನ ಸೇರಿಸುವುದರಲ್ಲೂ ಹೀಗೆ ಎರಡು ದಾರಿಗಳಿವೆ.

ಕೂಡಾಟ ಚೆನ್ನಾಗಿ ನಡೆದ ಉದಾಹರಣೆಯೂ ಇಲ್ಲದಿಲ್ಲ. ಲಿಸ್ಪ್ ಎಂಬ 1958ರ ಹಳೆಯ ಭಾಷೆಯ ವಿದ್ವಾಂಸರು 1980ರಿಂದ ಎರಡು ವರ್ಷಕ್ಕೊಮ್ಮೆ, ಸಮ ಇಸವಿಗಳಲ್ಲಿ, ಒಂದು ಸಮ್ಮೇಳನ ನಡೆಸುತ್ತಿದ್ದರು. ಅದೇ ಬಳಿಯ ಇನ್ನೊಂದು ಸಮ್ಮೇಳನ 1981ರಿಂದ ಬೆಸ ಇಸವಿಗಳಲ್ಲಿ. 1996ರಲ್ಲಿ ಎರಡನ್ನೂ ಸೇರಿಸಿ ಐಸಿಎಫ್‌ಪಿ ಎಂಬ ಒಂದೇ ವಾರ್ಷಿಕ ಸಮ್ಮೇಳನ ಮಾಡಿದರು, ಅದು ಇಂದಿಗೂ ನಡೆಯುತ್ತಿದೆ. ಅಲ್ಲಿ ಎರಡೂ ಪಕ್ಷದ ತೂಕ ಹೆಚ್ಚು ಕಡಿಮೆ ಸಮ. ಹಾಗಿದ್ದೂ ಹೊಸ ಹೆಸರಿನಲ್ಲಿ ಲಿಸ್ಪ್ ಎಂಬ ಮಾತು ಉಳಿಯಲಿಲ್ಲ.

ಅದೇ ಲಿಸ್ಪಿನ ಯುರೋಪಿನ ಬಳಗ ಜೋಡಾಟದ ದಾರಿ ಹಿಡಿಯಿತು. 2008ರಿಂದ ಅವರಿಗೆ ತಮ್ಮದೇ ಸಣ್ಣ ಗೋಷ್ಠಿ ಇದೆ. 2017ರಲ್ಲಿ ಬ್ರಸೆಲ್ಸಿನಲ್ಲಿ, 2019ರಲ್ಲಿ ಇಟಲಿಯ ಜಿನೋವಾದಲ್ಲಿ ಅದನ್ನು 'ಪ್ರೋಗ್ರಾಮಿಂಗ್' ಎಂಬ ದೊಡ್ಡ ಸಮ್ಮೇಳನದ ಜೊತೆಗೇ, ಅದೇ ಊರಿನಲ್ಲಿ, ಅದೇ ವಾರದಲ್ಲಿ ಇಟ್ಟುಕೊಂಡರು. ಹೆಸರು ತಮ್ಮದು, ಭಾಷಣಕಾರರನ್ನು ಆರಿಸುವುದೂ ತಾವೇ. ಬೇಡವಾದ ವರ್ಷ ಬೇರೆ ಕಡೆ ನಡೆಸಿದರು.

ಬ್ರಸೆಲ್ಸಿನಲ್ಲೇ ನಡೆಯುವ ಫಾಸ್ಡೆಮ್ ಎಂಬ ದೊಡ್ಡ ಮೇಳದ್ದು ಇನ್ನೊಂದು ಕ್ರಮ. 2000ದಲ್ಲಿ ಶುರುವಾದದ್ದು. ಚಳಿಗಾಲದ ಎರಡು ದಿನ, ವಿಶ್ವವಿದ್ಯಾಲಯದ ಆವರಣ, ಸಾವಿರಾರು ಜನ, ಪ್ರವೇಶ ಶುಲ್ಕ ಇಲ್ಲ, ಹೆಸರು ನೋಂದಾಯಿಸಬೇಕಾಗಿಯೂ ಇಲ್ಲ. ಒಂದೊಂದು ಬಳಗವೂ ಅರ್ಜಿ ಹಾಕಿದರೆ ಒಂದು ದಿನಕ್ಕೋ ಅರ್ಧ ದಿನಕ್ಕೋ ಒಂದು ಕೋಣೆ ಸಿಗುತ್ತದೆ. ಆ ಕೋಣೆಯೊಳಗಿನ ಕಾರ್ಯಕ್ರಮ ಆ ಬಳಗದ್ದೇ. ಪರ್ಲಿನವರಿಗೂ ಹಲವು ವರ್ಷ ಅಲ್ಲಿ ಕೋಣೆ ಸಿಕ್ಕಿತ್ತು. ಇದರ ಗುಣವೆಂದರೆ, ಪಕ್ಕದ ಕೋಣೆಯಿಂದ ದಾರಿ ತಪ್ಪಿ ಬಂದವನೂ ಒಂದು ಹೊಸ ಭಾಷೆ ಕೇಳಿ ಹೋಗುತ್ತಾನೆ. ಕೊರತೆಯೆಂದರೆ, ಕೋಣೆ ಪ್ರತಿ ವರ್ಷವೂ ಕೇಳಿಯೇ ಪಡೆಯಬೇಕು, ಸಿಕ್ಕೇ ಸಿಗುತ್ತದೆಂಬ ಖಾತರಿಯಿಲ್ಲ. ಸಿಕ್ಕಿದರೂ ಕೋಣೆ ತುಂಬಿದ ಮೇಲೆ ಬಾಗಿಲಿಗೆ 'ಭರ್ತಿ' ಎಂಬ ಫಲಕ ಬೀಳುತ್ತದೆ, ದೂರದಿಂದ ಬಂದ ನಮ್ಮವನೇ ಹೊರಗೆ ನಿಲ್ಲಬೇಕಾದೀತು.

ತಾನೇ ದೊಡ್ಡದಾಗಿ ಬಳಲಿದ ಕೂಟವೂ ಉಂಟು. ಟೋಕಿಯೋದ ಯಾಪ್‌ಸಿಯವರು ಪರ್ಲಿನದ್ದಲ್ಲದ ಭಾಷಣಕ್ಕೂ ಬಾಗಿಲು ತೆರೆದರು. 2015ರ ಹೊತ್ತಿಗೆ ಸೇರಿದವರು ಎರಡು ಸಾವಿರ ಮೀರಿದರು. ಇನ್ನು ಸಾಕು ಎಂದು ಅದೇ ವರ್ಷ ಅದನ್ನು ಮುಗಿಸಿದರು. 2017ರಿಂದ ಜಪಾನಿನ ಬೇರೆ ಬೇರೆ ಊರುಗಳಲ್ಲಿ ಸಣ್ಣದಾಗಿ ಮತ್ತೆ ಶುರುವಾಯಿತು. ನಮ್ಮ ಬೆಂಗಳೂರಿನಲ್ಲೂ 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಆರಂಭವಾದ ಸಮ್ಮೇಳನ, ಲಿನಕ್ಸಿಗೆ ಮಾತ್ರ ಏಕೆ ಸೀಮಿತವಾಗಬೇಕು ಎಂದು 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿ ಹರವು ಹೆಚ್ಚಿಸಿಕೊಂಡಿತು. ಹೆಸರು ಮಾಡಿತು. 2012ರ ಬಳಿಕ ನಡೆಯಲಿಲ್ಲ.

ನಾನು ದುಡಿದ ಬ್ಯಾಂಕೂ ಇನ್ನೊಂದು ದೊಡ್ಡ ಬ್ಯಾಂಕಿನೊಳಗೆ ಸೇರಿತು, ನಾನು ನಿವೃತ್ತನಾದ ಮೇಲೆ. ಬೋರ್ಡು ಇಳಿಸಿದ ದಿನ ನೋಡಲು ಹೋಗಿದ್ದೆ. ಹಣವೆಲ್ಲ ಭದ್ರವಾಗಿಯೇ ಇತ್ತು, ಒಂದು ಪೈಸೆಯೂ ಆಚೀಚೆಯಾಗಲಿಲ್ಲ. ಆದರೆ ಒಂದೇ ಬೀದಿಯಲ್ಲಿ ಎರಡು ಶಾಖೆ ಏಕೆಂದು ನಮ್ಮದನ್ನು ಮುಚ್ಚಿದರು. ಹೆಬ್ಬೆಟ್ಟು ಒತ್ತುವ ಮುದುಕಿಯರಿಗೆ ಚಲನ್ ಬರೆದುಕೊಡಲು ಒಂದು ಬೆಂಚು ಇಟ್ಟಿದ್ದೆವು. ಹೊಸ ಶಾಖೆಯಲ್ಲಿ ಆ ಬೆಂಚಿಗೆ ಜಾಗವಿರಲಿಲ್ಲ. ವಿಲೀನದ ಯಾವ ಪತ್ರದಲ್ಲೂ ಆ ಬೆಂಚಿನ ಹೆಸರು ಇರಲಿಲ್ಲ ನೋಡಿ, ಆದ್ದರಿಂದ ಅದು ಹೋಯಿತು.

ಅಳಿಯನಿಗೆ ನಾನು ಬರೆದದ್ದು ಇಷ್ಟೇ. ಸೇರು, ಸೇರಬೇಡ ಎಂದು ನಾನು ಹೇಳಲಾರೆ. ಆದರೆ ನಾಲ್ಕು ಪ್ರಶ್ನೆಗಳನ್ನು ಬಾಯಲ್ಲಿ ಕೇಳಬೇಡ, ಕಾಗದದಲ್ಲಿ ಕೇಳು. ಕರಪತ್ರದಲ್ಲಿ ನಿಮ್ಮ ಕೂಟದ ಹೆಸರು ಇರುತ್ತದೆಯೋ, ಇದ್ದರೆ ಆ ಹೆಸರು ಯಾರದ್ದು? ಭಾಷಣಕಾರರನ್ನು ಆರಿಸುವವರು ಯಾರು? ಸಂಬಳವಿಲ್ಲದೆ ಕೆಲಸ ಮಾಡುವ ನಿಮ್ಮ ಹುಡುಗರು ಕಟ್ಟಬೇಕಾದ ಶುಲ್ಕವೆಷ್ಟು? ಅವರ ಮೇಳ ಒಂದು ವರ್ಷ ನಿಂತುಹೋದರೆ, ಬಂದವರ ಹೆಸರು ವಿಳಾಸದ ಪಟ್ಟಿ ನಿಮ್ಮ ಕೈಯಲ್ಲಿ ಇರುತ್ತದೆಯೋ? ಮತ್ತೆ, ಪಡಸಾಲೆಯಲ್ಲಿ ನಿಮ್ಮವರಿಗೇ ಒಂದು ಮೇಜು, ಹತ್ತು ಕುರ್ಚಿ ಹಾಕಿಸಿಕೊಳ್ಳಲು ಮರೆಯಬೇಡ ಎಂದೂ ಸೇರಿಸಿದೆ.

ಮೊನ್ನೆ ಅವನ ಫೋನು ಬಂದಿತ್ತು. ಶುಲ್ಕ ಇಳಿಸಲು, ಭಾಷಣಕಾರರನ್ನು ಇವರೇ ಆರಿಸಲು ದೊಡ್ಡವರು ಒಪ್ಪಿದ್ದಾರಂತೆ. ಮೇಜು ಕುರ್ಚಿಗೂ ಅಡ್ಡಿಯಿಲ್ಲವಂತೆ. ಹೆಸರಿನ ವಿಷಯಕ್ಕೂ ವಿಳಾಸದ ಪಟ್ಟಿಗೂ ಇನ್ನೂ ಉತ್ತರ ಬಂದಿಲ್ಲ. "ಅದಕ್ಕೇ ಮಾವ, ಪ್ರತಿ ವರ್ಷ ಮಾಡುವ ಕಾಲೇಜಿನ ಸಭಾಂಗಣಕ್ಕೂ ಮುಂಗಡ ಕೊಟ್ಟು ಇಟ್ಟಿದ್ದೇನೆ" ಎಂದ. ಮುಂಗಡದ ರಶೀದಿ ತೆಗೆದುಕೊಂಡೆಯಾ ಎಂದು ಕೇಳಿದೆ. ಇಲ್ಲವೆಂದ. ನಾಳೆಯೇ ಹೋಗಿ ತೆಗೆದುಕೋ ಎಂದೆ.